ಎರಡು ಚಕ್ರದ ಸವಾರನೂ ರಸ್ತೆಯ ಕಾನೂನೂ

ನಮ್ಮ ಊರುಗಳ ಯಾವುದಾದರೂ ದೊಡ್ಡ ಚೌಕದಲ್ಲಿ ಹತ್ತು ನಿಮಿಷ ನಿಂತು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಬಸ್ಸು ನಿಲ್ಲುತ್ತದೆ; ಅದರ ಹಿಂದೆ ಕಾರುಗಳು ಸಾಲಾಗಿ ನಿಲ್ಲುತ್ತವೆ. ಅವುಗಳ ನಡುವಣ ಸಂದಿಗಳಲ್ಲಿ ಮೋಟಾರು ಸೈಕಲ್ಲುಗಳೂ ಸ್ಕೂಟರುಗಳೂ, ಕಲ್ಲುಗಳ ನಡುವೆ ನೀರು ನುಸುಳುವಂತೆ ನುಸುಳಿ ಮುಂದಕ್ಕೆ ಬಂದು, ಬಿಳಿಯ ಗೆರೆಯನ್ನೂ ದಾಟಿ ನಿಂತುಕೊಳ್ಳುತ್ತವೆ. ದೂರದಲ್ಲಿ ಪೋಲೀಸರನ್ನು ಕಂಡ ಒಬ್ಬ ಸವಾರ, ತಲೆಗೆ ಹೆಲ್ಮೆಟ್ ಇಲ್ಲದವನು, ಗಾಡಿಯನ್ನು ನಿಂತಲ್ಲಿಯೇ ತಿರುಗಿಸಿ, ವಾಹನಗಳಿಗೆ ಎದುರಾಗಿಯೇ ಹೊರಟು, ಪಕ್ಕದ ಓಣಿಯಲ್ಲಿ ಮಾಯವಾಗುತ್ತಾನೆ. ಮೊದಲನೆಯ ತಪ್ಪನ್ನು ಮರೆಸಲು ಅದಕ್ಕಿಂತ ಅಪಾಯಕರವಾದ ಎರಡನೆಯ ತಪ್ಪನ್ನು ಮಾಡಿದ್ದಾಯಿತು, ಎರಡಕ್ಕೂ ದಂಡವಿಲ್ಲ.

ಕಾರಿನವನಿಗೂ ಸ್ಕೂಟರಿನವನಿಗೂ ಕಾನೂನು ಒಂದೇ. ಹೀಗಿರುವಲ್ಲಿ ಅದು ಒಬ್ಬನ ಮೇಲೆ ಸುಲಭವಾಗಿ ನಡೆಯುವುದೂ ಇನ್ನೊಬ್ಬನ ಮೇಲೆ ನಡೆಯದಿರುವುದೂ ಏಕೆ? 'ಸವಾರರಿಗೆ ಶಿಸ್ತಿಲ್ಲ' ಎಂದು ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವುದು ವಾಡಿಕೆ. ಆದರೆ ಅದೇ ಮನುಷ್ಯ ಭಾನುವಾರ ಕಾರಿನಲ್ಲಿ ಕುಳಿತಾಗ ಕೆಂಪು ದೀಪಕ್ಕೆ ನಿಲ್ಲುವುದನ್ನೂ ನಾವು ಕಾಣುತ್ತೇವೆ. ಆದ್ದರಿಂದ ಕಾರಣವನ್ನು ಮನುಷ್ಯನ ಸ್ವಭಾವದಲ್ಲಿ ಮಾತ್ರವಲ್ಲದೆ, ಅವನು ಏರಿರುವ ಯಂತ್ರದ ಸ್ವಭಾವದಲ್ಲಿಯೂ ಹುಡುಕಬೇಕಾಗುತ್ತದೆ.

ಈ ವಿಚಾರ ಕೇವಲ ಕುತೂಹಲದ್ದಲ್ಲ. ಭಾರತದಲ್ಲಿ ನೋಂದಣಿಯಾದ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ದ್ವಿಚಕ್ರ ವಾಹನಗಳೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆಯೇ 50,029; ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಕಾನೂನು ನಡೆಯದಿದ್ದರೆ ಕಳೆದುಹೋಗುವುದು ಸರ್ಕಾರದ ದಂಡದ ಹಣವಲ್ಲ, ಜೀವ.

ನಾಲ್ಕು ಮೆಟ್ಟಿಲುಗಳು

ಯಾವ ಸಂಚಾರ ನಿಯಮವೇ ಆಗಲಿ, ಅದು ಕಾಗದದಿಂದ ರಸ್ತೆಗೆ ಇಳಿಯಬೇಕಾದರೆ ನಾಲ್ಕು ಕೆಲಸಗಳು ಒಂದರ ಹಿಂದೊಂದು ನಡೆಯಬೇಕು. ಮೊದಲನೆಯದು, ತಪ್ಪು ಕಣ್ಣಿಗೆ ಬೀಳಬೇಕು. ಎರಡನೆಯದು, ತಪ್ಪು ಮಾಡಿದವರು ಯಾರೆಂದು ಗೊತ್ತಾಗಬೇಕು. ಮೂರನೆಯದು, ಅವರನ್ನು ನಿಲ್ಲಿಸಬೇಕು, ಇಲ್ಲವೆ ಅವರ ಮನೆಗೆ ನೋಟೀಸು ತಲುಪಬೇಕು. ನಾಲ್ಕನೆಯದು, ದಂಡ ವಸೂಲಾಗಬೇಕು. ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದವು ನಿಷ್ಪ್ರಯೋಜಕ. ದ್ವಿಚಕ್ರ ವಾಹನದ ವಿಷಯದಲ್ಲಿ ನಾಲ್ಕು ಕೊಂಡಿಗಳೂ ಸಡಿಲವಾಗಿವೆ. ಅವನ್ನು ಒಂದೊಂದಾಗಿ ನೋಡೋಣ.

ಕಾಣುವ ಕಷ್ಟ

ವೇಗವನ್ನು ಅಳೆಯಲು ಪೋಲೀಸರು ಬಹುಕಾಲದಿಂದ ಬಳಸುತ್ತಿರುವ ಉಪಕರಣ ರೇಡಾರ್. ಚಲಿಸುವ ವಸ್ತುವಿನಿಂದ ಬರುವ ತರಂಗದ ಆವರ್ತ ಬದಲಾಗುತ್ತದೆಂಬುದನ್ನು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ತೋರಿಸಿಕೊಟ್ಟನು. ನಮ್ಮ ಕಡೆಗೆ ಬರುವ ರೈಲಿನ ಸಿಳ್ಳು ಹೆಚ್ಚು ಕೀರಲಾಗಿಯೂ ದೂರ ಸಾಗುವಾಗ ಗಡುಸಾಗಿಯೂ ಕೇಳುವುದು ಇದರಿಂದಲೇ. ಸೆಕೆಂಡಿಗೆ 2,400 ಕೋಟಿ ಸಲ ಕಂಪಿಸುವ ರೇಡಿಯೊ ತರಂಗವನ್ನು, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಎದುರಿಗೆ ಬರುವ ವಾಹನದ ಮೇಲೆ ಹಾಯಿಸಿದರೆ, ಮರಳಿ ಬರುವ ತರಂಗದಲ್ಲಿ ಸೆಕೆಂಡಿಗೆ ಸುಮಾರು 2,670 ಕಂಪನಗಳು ಹೆಚ್ಚಾಗಿರುತ್ತವೆ. ಆ ವ್ಯತ್ಯಾಸದಿಂದ ವೇಗ ತಿಳಿಯುತ್ತದೆ.

ಅಳತೆಯಲ್ಲಿ ತಪ್ಪಿಲ್ಲ. ತೊಡಕಿರುವುದು ಅಳೆದದ್ದು ಯಾರನ್ನು ಎಂಬಲ್ಲಿ. ರೇಡಾರಿನ ತರಂಗ ಬೀಸಣಿಗೆಯಂತೆ ಹರಡುತ್ತ ಹೋಗುತ್ತದೆ. ಅದರ ಹರವು 12 ಡಿಗ್ರಿಗಳೆಂದು ಇಟ್ಟುಕೊಂಡರೆ, ನೂರು ಮೀಟರು ದೂರದಲ್ಲಿ ಅದು 21 ಮೀಟರು ಅಗಲವಾಗಿರುತ್ತದೆ. ಎಂದರೆ ಇಡೀ ರಸ್ತೆಯೇ ಅದರೊಳಗೆ ಅಡಗುತ್ತದೆ. ಅದರಲ್ಲಿ ಒಂದು ಬಸ್ಸೂ ಒಂದು ಬೈಕೂ ಇದ್ದರೆ, ಬಸ್ಸಿನ ವಿಶಾಲವಾದ ಲೋಹದ ಮೈಯಿಂದ ಬರುವ ಪ್ರತಿಫಲನ ಬಲವಾಗಿಯೂ, ಬೈಕಿನಿಂದ ಬರುವುದು ಕ್ಷೀಣವಾಗಿಯೂ ಇರುತ್ತದೆ. ಜಾತ್ರೆಯಲ್ಲಿ ತಮಟೆಯ ಪಕ್ಕದಲ್ಲಿ ಪಿಟೀಲು ನುಡಿಸಿದಂತೆ! ಈ ತೊಡಕನ್ನು ಕಳೆಯಲು ಇತ್ತೀಚೆಗೆ ರೇಡಿಯೊ ತರಂಗಕ್ಕೆ ಬದಲಾಗಿ ಲೇಸರ್ ಬೆಳಕನ್ನು ಬಳಸುತ್ತಾರೆ. ನೂರು ಮೀಟರು ದೂರ ಹೋದರೂ ಅದರ ಕಿರಣ ಸುಮಾರು ಒಂದು ಅಡಿಯಷ್ಟೇ ಹರಡುವುದರಿಂದ, ಗುಂಪಿನ ನಡುವೆಯೂ ಒಬ್ಬ ಸವಾರನನ್ನು ಆರಿಸಿ ಅಳೆಯಬಹುದು. ಆದರೆ ಅದನ್ನು ಗುರಿಯಿಟ್ಟು ಹಿಡಿಯಲು ಒಬ್ಬ ಮನುಷ್ಯ ಬೇಕು. ಒಂದು ಸಲಕ್ಕೆ ಒಂದೇ ವಾಹನ ಸಿಕ್ಕುತ್ತದೆ.

ಕೆಲವು ದೇಶಗಳಲ್ಲಿ ವಾಹನದ ಬರವನ್ನು ತಿಳಿಯಲು ರಸ್ತೆಯ ಮೈಯೊಳಗೆ ತಂತಿಯ ಸುರುಳಿಯನ್ನು ಹುದುಗಿಸಿಡುತ್ತಾರೆ. ಅದರಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ತನ್ನು ಹರಿಸಿರುತ್ತಾರೆ. ಮೇಲೆ ಕಾರು ಬಂದು ನಿಂತಾಗ ಅದರ ಲೋಹದ ತಳದಲ್ಲಿ ಸುಳಿಪ್ರವಾಹಗಳು ಹುಟ್ಟಿ, ಸುರುಳಿಯ ವಿದ್ಯುತ್ ಗುಣವನ್ನು ಕೊಂಚ ಬದಲಿಸುತ್ತವೆ. 'ಇಲ್ಲಿ ವಾಹನವಿದೆ' ಎಂದು ಯಂತ್ರಕ್ಕೆ ತಿಳಿಯುತ್ತದೆ. ಬೈಕಿನಲ್ಲಿ ಲೋಹ ಕಡಮೆ; ನೆಲಕ್ಕೆ ಹರಡಿಕೊಂಡ ತಳವೂ ಇಲ್ಲ. ಹಾಗಾಗಿ ಸುರುಳಿಗೆ ಅದು ಇದ್ದೂ ಇಲ್ಲದಂತೆ. ನಡುರಾತ್ರಿಯ ಖಾಲಿ ಚೌಕದಲ್ಲಿ ನಿಯಮ ಪಾಲಿಸಿ ನಿಂತ ಸವಾರನಿಗೆ ಹಸಿರು ದೀಪ ಬಾರದೆ ಹೋಗುವುದೂ ಉಂಟು. ಇದಕ್ಕಾಗಿಯೇ ಅಮೆರಿಕದ ಕೆಲವು ರಾಜ್ಯಗಳು, ಇಂತಿಷ್ಟು ಹೊತ್ತು ಕಾದ ಮೇಲೆ ಮೋಟಾರು ಸೈಕಲ್ಲಿನವನು ಕೆಂಪು ದೀಪವನ್ನು ಎಚ್ಚರಿಕೆಯಿಂದ ದಾಟಬಹುದೆಂದು ಕಾನೂನನ್ನೇ ತಿದ್ದಿಕೊಂಡಿವೆ. ಯಂತ್ರಕ್ಕೆ ಕಾಣದವನ ಮುಂದೆ ಕಾನೂನೇ ಬಗ್ಗಬೇಕಾಯಿತೆಂಬುದು ವಿಚಾರಾರ್ಹವಾದ ಸಂಗತಿ.

ಗುರುತಿಸುವ ಕಷ್ಟ

ಈಗಿನ ಕಾಲದಲ್ಲಿ ಪೋಲೀಸರ ಕಣ್ಣಿಗೆ ಬದಲಾಗಿ ಕ್ಯಾಮರಾ ನಿಂತಿದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ 50 ಚೌಕಗಳಲ್ಲಿ ನಂಬರನ್ನು ತಾನಾಗಿ ಓದುವ 250 ಕ್ಯಾಮರಾಗಳೂ, ಕೆಂಪು ದೀಪ ದಾಟುವವರನ್ನು ಹಿಡಿಯುವ 80 ಕ್ಯಾಮರಾಗಳೂ ಕೆಲಸಕ್ಕೆ ತೊಡಗಿದವು. ಕ್ಯಾಮರಾ ಲಂಚ ಕೇಳುವುದಿಲ್ಲ, ಬಿಸಿಲಿಗೆ ಬಳಲುವುದಿಲ್ಲ, ಪರಿಚಯದವರನ್ನು ಬಿಡುವುದಿಲ್ಲ. ಆದರೂ ಅದಕ್ಕೊಂದು ಮಿತಿಯಿದೆ: ಓದಲಾಗದ ನಂಬರನ್ನು ಅದು ಓದಲಾರದು.

ನಮ್ಮ ಮೋಟಾರು ವಾಹನ ನಿಯಮಗಳಂತೆ ಕಾರಿನ ನಂಬರು ಫಲಕದ ಅಕ್ಷರಗಳ ಎತ್ತರ 65 ಮಿಲಿಮೀಟರು. ಮೋಟಾರು ಸೈಕಲ್ಲಿನ ಮುಂದಿನ ಫಲಕದಲ್ಲಿ ಅದು 30 ಮಿಲಿಮೀಟರು ಮಾತ್ರ. ಹಿಂದಿನ ಫಲಕದಲ್ಲಿ ಅಕ್ಷರಗಳಿಗೆ 35, ಅಂಕಿಗಳಿಗೆ 40. ಇದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಕ್ಯಾಮರಾದ ಚಿತ್ರ ಅಗಲದಲ್ಲಿ 1,920 ಚಿತ್ರಕಣಗಳಿಂದ ಕೂಡಿದೆಯೆಂದೂ, ಅದು ಏಳು ಮೀಟರು ಅಗಲದ ರಸ್ತೆಯನ್ನು ನೋಡುತ್ತಿದೆಯೆಂದೂ ಭಾವಿಸೋಣ. ಆಗ ಕಾರಿನ ಒಂದು ಅಕ್ಷರ ಸುಮಾರು 18 ಕಣಗಳಷ್ಟು ಎತ್ತರವಾಗಿ ಮೂಡುತ್ತದೆ. ಬೈಕಿನ ಮುಂದಿನ ಅಕ್ಷರ ಕೇವಲ 8 ಕಣಗಳಷ್ಟು. ಅಕ್ಷರದ ಗೆರೆಯ ದಪ್ಪ 5 ಮಿಲಿಮೀಟರು ಇರುವುದರಿಂದ, ಅದು ಚಿತ್ರದಲ್ಲಿ ಒಂದೂವರೆ ಕಣಕ್ಕಿಂತಲೂ ಕಡಮೆಯಾಗುತ್ತದೆ. ಇಷ್ಟರಲ್ಲಿ 8 ಮತ್ತು 3, 0 ಮತ್ತು 6 ಒಂದೇ ಆಗಿ ಕಾಣುವುದು ಆಶ್ಚರ್ಯವಲ್ಲ. ಅದರ ಮೇಲೆ ಕೆಸರು, ಬಾಗಿದ ಫಲಕ, ಬೇಕೆಂದೇ ಕಟ್ಟಿದ ಬಟ್ಟೆ, ಅಲಂಕಾರದ ಅಕ್ಷರ ಇವೆಲ್ಲ ಸೇರಿದರೆ ಹೇಳಬೇಕಾದುದೇ ಇಲ್ಲ. ಅದೇ ಕ್ಯಾಮರಾ ಅರ್ಧದಷ್ಟು ಅಗಲವನ್ನು ನೋಡಿದರೆ ಅಕ್ಷರ ಇಮ್ಮಡಿಯಾಗುತ್ತದೆ ನಿಜ; ಆದರೆ ಆಗ ಕ್ಯಾಮರಾಗಳ ಸಂಖ್ಯೆಯೂ ಇಮ್ಮಡಿಯಾಗಬೇಕು. ಕಾರಿನಂತೆ ಬೈಕು ತನ್ನ ಪಟ್ಟಿಯ ನಡುವೆಯೇ ಬರುತ್ತದೆಂಬ ಭರವಸೆಯೂ ಇಲ್ಲ.

ಇಂಗ್ಲೆಂಡಿನಲ್ಲಿ ಈ ಕಷ್ಟ ಬೇರೊಂದು ರೂಪ ತಾಳಿತು. ಅಲ್ಲಿ ಹಿಂದೆ ಮೋಟಾರು ಸೈಕಲ್ಲಿನ ಮುಂದಿನ ಚಕ್ರದ ಮೇಲೆ ನಂಬರು ಫಲಕವನ್ನು ಕತ್ತಿಯ ಅಲಗಿನಂತೆ ನಿಲ್ಲಿಸುತ್ತಿದ್ದರು. ಅಪಘಾತವಾದಾಗ ಅದು ಪಾದಚಾರಿಗಳನ್ನು ಸೀಳುವ ಅಪಾಯವಿದ್ದುದರಿಂದ 1975ರಲ್ಲಿ ಅದು ಕಡ್ಡಾಯವಲ್ಲವೆಂದು ಮಾಡಿದರು. ತರುವಾಯ ವೇಗದ ಕ್ಯಾಮರಾಗಳು ಬಂದವು. ಡಚ್ ಮೋಟಾರು ಸ್ಪರ್ಧಿ ಮಾರಿಸ್ ಗ್ಯಾಟ್ಸೊನೈಡಿಸ್ ಎಂಬವನ ಹೆಸರು ಹೊತ್ತ ಕ್ಯಾಮರಾ ಹಿಂದಿನಿಂದ ಚಿತ್ರ ತೆಗೆಯುತ್ತಿದ್ದುದರಿಂದ ಬೈಕಿನ ನಂಬರೂ ಸಿಕ್ಕುತ್ತಿತ್ತು. ಆದರೆ ಚಾಲಕನ ಮುಖ ಕಾಣಲೆಂದು ಮುಂದಿನಿಂದ ಚಿತ್ರ ತೆಗೆಯುವ ಕ್ಯಾಮರಾಗಳಿಗೆ ಬೈಕಿನಲ್ಲಿ ಸಿಕ್ಕುವುದು ಹೆಲ್ಮೆಟ್ಟೊಂದೇ: ನಂಬರೂ ಇಲ್ಲ, ಮುಖವೂ ಇಲ್ಲ. ಒಂದು ಅಪಾಯವನ್ನು ನಿವಾರಿಸಲು ಮಾಡಿದ ಸುಧಾರಣೆ ಇನ್ನೊಂದು ಕಡೆ ಬಾಗಿಲು ತೆರೆಯಿತು.

ಹೆಲ್ಮೆಟ್ಟಿನದೂ ಇಂತಹದೇ ಒಂದು ವಿಚಿತ್ರ. ಕಾನೂನು ಯಾವುದನ್ನು ಧರಿಸಬೇಕೆಂದು ವಿಧಿಸುತ್ತದೆಯೋ ಅದೇ ಸವಾರನ ಗುರುತನ್ನೂ ಮುಚ್ಚುತ್ತದೆ. ಆದುದರಿಂದ ಶಿಕ್ಷೆ ಸವಾರನನ್ನು ಹುಡುಕಲಾರದೆ ಮಾಲೀಕನನ್ನು ಹುಡುಕುತ್ತದೆ. ವಾಹನವನ್ನು ಆ ಹೊತ್ತಿನಲ್ಲಿ ಓಡಿಸುತ್ತಿದ್ದವರು ಯಾರೆಂದು ತಿಳಿಸುವ ಹೊಣೆಯನ್ನು 1988ರ ಮೋಟಾರು ವಾಹನ ಶಾಸನದ 133ನೆಯ ಪ್ರಕರಣ ಮಾಲೀಕನ ಮೇಲೆ ಹೊರಿಸಿದೆ. ಆದರೆ ನಮ್ಮಲ್ಲಿ ಸ್ಕೂಟರು ಒಬ್ಬರ ಸೊತ್ತಲ್ಲ, ಮನೆಮಂದಿಯ ಸೊತ್ತು. ಬೆಳಗ್ಗೆ ತಂದೆ, ಮಧ್ಯಾಹ್ನ ತಾಯಿ, ಸಂಜೆ ಮಗ. ಎಷ್ಟೋ ಗಾಡಿಗಳು ಮೂರು ಕೈ ಬದಲಾದರೂ ದಾಖಲೆಯಲ್ಲಿ ಮೊದಲ ಮಾಲೀಕನ ಹೆಸರೇ ಉಳಿದಿರುತ್ತದೆ. ನೋಟೀಸು ತಲುಪುವುದು ಆತನಿಗೆ.

ತಡೆಯುವ ಕಷ್ಟ

ಹಾಗಾದರೆ ರಸ್ತೆಯಲ್ಲೇ ಕೈಯಡ್ಡಿ ನಿಲ್ಲಿಸುವುದು ಸುಲಭವಲ್ಲವೆ? ಇಲ್ಲಿಯೇ ಎಲ್ಲಕ್ಕಿಂತ ಗಂಭೀರವಾದ ಕಷ್ಟವಿರುವುದು.

ಎರಡು ಚಕ್ರದ ಗಾಡಿ ನಿಂತಾಗ ಬೀಳುತ್ತದೆ, ಓಡುವಾಗ ಬೀಳುವುದಿಲ್ಲ. ಬುಗುರಿಯಂತೆ ತಿರುಗುವ ಚಕ್ರಗಳೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಿದ್ದರು. ಆದರೆ ಚಕ್ರಗಳ ಬುಗುರಿ ಗುಣವನ್ನು ಅಳಿಸಿಹಾಕಿದ ಒಂದು ಸೈಕಲ್ಲನ್ನು ವಿಜ್ಞಾನಿಗಳು ನಿರ್ಮಿಸಿ, ಅದೂ ತಾನಾಗಿ ನೆಟ್ಟಗೆ ಓಡಬಲ್ಲುದೆಂದು 2011ರಲ್ಲಿ ತೋರಿಸಿದರು. ಮುಖ್ಯವಾದ ಗುಟ್ಟು ಹ್ಯಾಂಡಲಿನಲ್ಲಿದೆ. ಗಾಡಿ ಎಡಕ್ಕೆ ವಾಲತೊಡಗಿದರೆ ಹ್ಯಾಂಡಲು ಎಡಕ್ಕೆ ತಿರುಗುತ್ತದೆ. ಚಕ್ರಗಳು ಸರಿದು ಮತ್ತೆ ಭಾರದ ಕೆಳಗೆ ಬರುತ್ತವೆ. ಅಂಗೈಯ ಮೇಲೆ ಕೋಲನ್ನು ನಿಲ್ಲಿಸುವ ಹುಡುಗ ಕೋಲು ವಾಲಿದ ಕಡೆಗೆ ಕೈ ಸರಿಸುವಂತೆ. ಈ ತಿದ್ದುಪಾಟು ಪ್ರತಿಕ್ಷಣವೂ ನಡೆಯುತ್ತಿರುತ್ತದೆ. ಸವಾರನಿಗೆ ಅದರ ಅರಿವೂ ಇರುವುದಿಲ್ಲ.

ಈಗ, ಓಡುತ್ತಿರುವ ಬೈಕಿನ ಹ್ಯಾಂಡಲನ್ನೋ ಸವಾರನ ತೋಳನ್ನೋ ಯಾರಾದರೂ ಹಿಡಿದರೆ ಏನಾಗುತ್ತದೆಂದು ವಾಚಕರೇ ಊಹಿಸಬಹುದು. ತಿದ್ದುಪಾಟು ನಿಲ್ಲುತ್ತದೆ, ಗಾಡಿ ಉರುಳುತ್ತದೆ. ಹಠಾತ್ತಾಗಿ ಅಡ್ಡ ಬಂದರೂ ಅಪಾಯವೇ. ಗಂಟೆಗೆ 50 ಕಿಲೋಮೀಟರು ವೇಗದ ಸವಾರ ಸೆಕೆಂಡಿಗೆ ಸುಮಾರು 14 ಮೀಟರು ಸಾಗುತ್ತಾನೆ. ಕಂಡುದನ್ನು ಗ್ರಹಿಸಿ ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿದರೆ 14 ಮೀಟರು. ಅನಂತರ ಒಳ್ಳೆಯ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 19 ಮೀಟರು. ಒಟ್ಟು 33 ಮೀಟರು. ಮರದ ಮರೆಯಿಂದ ಹತ್ತು ಮೀಟರು ದೂರದಲ್ಲಿ ಹೊರಬಂದ ಪೋಲೀಸಿನವನ ಮುಂದೆ ಆತ ನಿಲ್ಲಲಾರ, ಮನಸ್ಸಿದ್ದರೂ ನಿಲ್ಲಲಾರ. ಗಾಬರಿಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿ ಚಕ್ರ ಕಚ್ಚಿಕೊಂಡರೆ ಜಾರಿ ಬೀಳುತ್ತಾನೆ. ಕಾರಾದರೆ ನಾಲ್ಕು ಚಕ್ರಗಳ ಮೇಲೆಯೇ ಇರುತ್ತದೆ. ಬೈಕಿನಲ್ಲಿ ತಪ್ಪಿನ ಬೆಲೆ ದೇಹಕ್ಕೇ ಬೀಳುತ್ತದೆ.

2025ರ ಮೇ ತಿಂಗಳಿನಲ್ಲಿ ಮಂಡ್ಯದಲ್ಲಿ, ಹೆಲ್ಮೆಟ್ ತಪಾಸಣೆಗೆಂದು ತಡೆದ ಒಂದು ಬೈಕಿನಿಂದ ಕೆಳಗೆ ಬಿದ್ದು ಪುಟ್ಟ ಹೆಣ್ಣುಮಗುವೊಂದು ಪ್ರಾಣ ಕಳೆದುಕೊಂಡಿತು. ತಂದೆತಾಯಿಗಳು ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದರು. ಮೂವರು ಪೋಲೀಸ್ ಅಧಿಕಾರಿಗಳನ್ನು ಅಮಾನತಿನಲ್ಲಿಡಲಾಯಿತು. ತಲೆಯನ್ನು ಕಾಪಾಡಲೆಂದೇ ಹುಟ್ಟಿದ ನಿಯಮವೊಂದರ ಪಾಲನೆಯಲ್ಲಿ ಒಂದು ಜೀವ ಹೋಯಿತೆಂಬುದನ್ನು ನಾವು ಮರೆಯಬಾರದು.

ಬೆನ್ನಟ್ಟುವುದೂ ಹೀಗೆಯೇ. ಒಂದು ಸಾಧಾರಣ 200 ಸಿಸಿ ಬೈಕಿಗೆ ಸವಾರನ ಭಾರವೂ ಸೇರಿ ಕಿಲೋಗ್ರಾಮಿಗೆ ಸುಮಾರು 80 ವಾಟ್ ಶಕ್ತಿ ಒದಗಿದರೆ, ಸಾಧಾರಣ ಕಾರಿಗೆ 50 ವಾಟ್ ಒದಗುತ್ತದೆ. ಬೈಕು ಬೇಗ ವೇಗ ಪಡೆಯುತ್ತದೆ. ಮೂರಡಿಯ ಸಂದಿಯಲ್ಲಿ ತೂರುತ್ತದೆ. ಅದನ್ನು ಹಿಡಿಯಬೇಕಾದರೆ ಪೋಲೀಸರೂ ಅಷ್ಟೇ ಅಪಾಯಕ್ಕೆ ಇಳಿಯಬೇಕು. ದಾರಿಹೋಕರೂ ಆ ಅಪಾಯದಲ್ಲಿ ಪಾಲುಗಾರರಾಗುತ್ತಾರೆ. ಲಂಡನ್ನಿನಲ್ಲಿ 2017ರ ಸುಮಾರಿಗೆ ಮೊಪೆಡ್ಡುಗಳ ಮೇಲೆ ಬಂದು ಫೋನುಗಳನ್ನು ಕಸಿಯುವವರ ಹಾವಳಿ ಹೆಚ್ಚಿದಾಗ, ಕೆಲವರು ಓಡುವಾಗ ಬೇಕೆಂದೇ ಹೆಲ್ಮೆಟ್ ಕಳಚಿ ಎಸೆಯುತ್ತಿದ್ದರು. ಬಿದ್ದರೆ ಸತ್ತಾರೆಂದು ಪೋಲೀಸರು ಹಿಂದೆಗೆಯುವರೆಂಬುದೇ ಅವರ ಲೆಕ್ಕ. ಕೊನೆಗೆ ಅಲ್ಲಿನ ಪೋಲೀಸರು ತರಬೇತಾದ ಚಾಲಕರಿಂದ ಕಾರನ್ನು ಮೊಪೆಡ್ಡಿಗೆ ತಾಕಿಸಿ ಬೀಳಿಸುವ ಕ್ರಮವನ್ನು ಕೈಗೊಂಡು, 2018ರಲ್ಲಿ ಅದನ್ನು ಬಹಿರಂಗಪಡಿಸಿದರು. ದೊಡ್ಡ ಚರ್ಚೆಯೇ ನಡೆಯಿತು. ಕಳ್ಳರ ವಿಷಯದಲ್ಲಿಯೇ ಇಷ್ಟು ಜಿಜ್ಞಾಸೆಯಿರುವಾಗ, ಹೆಲ್ಮೆಟ್ ಇಲ್ಲದ ವಿದ್ಯಾರ್ಥಿಯನ್ನು ಬೆನ್ನಟ್ಟುವುದು ಸಲ್ಲದೆಂಬುದು ಸ್ಪಷ್ಟ.

ದಂಡದ ಲೆಕ್ಕ

ದಂಡವನ್ನು ಹೆಚ್ಚಿಸಿದರೆ ಸರಿಹೋಗುವುದೆಂದು ಹಲವರ ಅಭಿಪ್ರಾಯ. 2019ರ ತಿದ್ದುಪಡಿ ಹೆಲ್ಮೆಟ್ ಧರಿಸದವರಿಗೆ 1,000 ರೂಪಾಯಿ ದಂಡವನ್ನೂ, ಮೂರು ತಿಂಗಳು ಪರವಾನಗಿಯ ಅನರ್ಹತೆಯನ್ನೂ ವಿಧಿಸಿತು. ಜನರ ಅಸಮಾಧಾನದಿಂದ ಕರ್ನಾಟಕ ಅದೇ ಸೆಪ್ಟೆಂಬರಿನಲ್ಲಿ ದಂಡವನ್ನು 500 ರೂಪಾಯಿಗೆ ಇಳಿಸಿತು. ಬಾಕಿ ಬಿದ್ದ ದಂಡಗಳ ರಾಶಿ ಬೆಳೆದು, 2023ರ ಫೆಬ್ರವರಿಯಲ್ಲಿ ಅರ್ಧಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ನೂರು ಕೋಟಿ ರೂಪಾಯಿಗೂ ಮೀರಿದ ಹಣ ಬಂದಿತು. 2025ರಲ್ಲಿಯೂ ಅಂತಹ ರಿಯಾಯಿತಿಯನ್ನು ಕೊಡಬೇಕಾಯಿತು. ತಪ್ಪು ದಾಖಲಾಗುವುದೇ ಒಂದು, ದಂಡ ತೆರುವುದೇ ಇನ್ನೊಂದು ಎಂಬುದಕ್ಕೆ ಇದೇ ಸಾಕ್ಷಿ.

ಶಿಕ್ಷೆಯ ಕಠೋರತೆಗಿಂತ ಅದರ ಖಚಿತತೆಯೇ ತಪ್ಪನ್ನು ತಡೆಯುತ್ತದೆಂದು ಇಟಲಿಯ ಬೆಕಾರಿಯ 1764ರಲ್ಲಿಯೇ ವಾದಿಸಿದ್ದನು. ಲೆಕ್ಕವೂ ಅದನ್ನೇ ಹೇಳುತ್ತದೆ. ಐನೂರು ತಪ್ಪುಗಳಲ್ಲಿ ಒಂದಕ್ಕೆ 500 ರೂಪಾಯಿ ದಂಡ ಬೀಳುವುದಾದರೆ ತಪ್ಪೊಂದಕ್ಕೆ ತಗಲುವ ಬೆಲೆ ಒಂದು ರೂಪಾಯಿ. ದಂಡವನ್ನು ಇಮ್ಮಡಿ ಮಾಡಿದರೆ ಎರಡು ರೂಪಾಯಿ. ದಂಡವನ್ನು ಹಾಗೆಯೇ ಬಿಟ್ಟು ಹತ್ತರಲ್ಲೊಂದು ತಪ್ಪು ಸಿಕ್ಕುವಂತೆ ಮಾಡಿದರೆ ಐವತ್ತು ರೂಪಾಯಿ!

ಗೆದ್ದ ಒಂದು ನಿಯಮ

ಕಷ್ಟಗಳನ್ನೇ ಹೇಳಿದೆವು. ಆದರೆ ಈ ಸವಾರರ ಮೇಲೆ ಚೆನ್ನಾಗಿ ನಡೆದ ನಿಯಮವೂ ಒಂದುಂಟು: ಹೆಲ್ಮೆಟ್ಟಿನದು. 1935ರ ಮೇ ತಿಂಗಳಿನಲ್ಲಿ 'ಅರೇಬಿಯದ ಲಾರೆನ್ಸ್' ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸ್ ಮೋಟಾರು ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಮಡಿದನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಶಸ್ತ್ರವೈದ್ಯನೊಬ್ಬನು. ಆತ ಅಪಘಾತಗಳನ್ನು ಪರಿಶೀಲಿಸಿ 1941ರಲ್ಲಿ ಹೆಲ್ಮೆಟ್ಟಿನ ಮಹತ್ವವನ್ನು ಪ್ರಕಟಿಸಿದನು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸಂದೇಶವಾಹಕ ಸವಾರರಿಗೆ ಅದನ್ನು ಕಡ್ಡಾಯಗೊಳಿಸಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ 42ರಷ್ಟೂ, ತಲೆಯ ಗಾಯವನ್ನು 69ರಷ್ಟೂ ಕಡಮೆ ಮಾಡುತ್ತದೆ.

ವಿಯೆಟ್ನಾಮಿನಲ್ಲಿ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲಿಯೂ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಕೆಲವೇ ದಿನಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಧರಿಸತೊಡಗಿದರು. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹೆಲ್ಮೆಟ್ಟಿಲ್ಲದವರಿಗೆ ಸ್ಥಳದಲ್ಲೇ ದಂಡ ವಿಧಿಸತೊಡಗಿದಾಗ ಯಾರೂ ನಿರೀಕ್ಷಿಸದ ಫಲವೊಂದು ಕಂಡಿತು. ಆ ವರ್ಷ ಸುಮಾರು ಒಂದೂವರೆ ಲಕ್ಷದಷ್ಟಿದ್ದ ಮೋಟಾರು ಸೈಕಲ್ ಕಳವುಗಳು 1986ರ ಹೊತ್ತಿಗೆ ಸುಮಾರು 54,000ಕ್ಕೆ ಇಳಿದವು. ಕಾರಣ ಸರಳ: ದಾರಿಯಲ್ಲಿ ಕಂಡ ಗಾಡಿಯನ್ನು ಕದಿಯುವವನು ಜೊತೆಯಲ್ಲಿ ಹೆಲ್ಮೆಟ್ ತಂದಿರುವುದಿಲ್ಲ; ಬರಿದಲೆಯಲ್ಲಿ ಹೊರಟರೆ ಎಲ್ಲರ ಕಣ್ಣಿಗೂ ಬೀಳುತ್ತಾನೆ.

ಈ ನಿಯಮ ಗೆದ್ದುದೇಕೆ? ಬರಿದಲೆ ನೂರು ಮೀಟರು ದೂರದಿಂದ, ಯಾವ ಉಪಕರಣವೂ ಇಲ್ಲದೆ, ಯಾರಿಗಾದರೂ ಕಾಣುತ್ತದೆ. ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಈ ಗೆಲುವಿನ ಎಲ್ಲೆಯೂ ಅಲ್ಲಿಯೇ ಇದೆ. ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದಿರಬೇಕೆಂದು ಶಾಸನವೇ ಹೇಳುತ್ತದೆ. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿನ ಹೆಲ್ಮೆಟ್ಟುಗಳನ್ನು ಮಾತ್ರ ಮಾರಬೇಕೆಂಬ ಆಜ್ಞೆಯೂ ಇದೆ. ಬಿಗಿಯದ ಪಟ್ಟಿಯೂ ಒಳಗೆ ಮೆತ್ತೆಯಿಲ್ಲದ ಪ್ಲಾಸ್ಟಿಕ್ ಬೋಗುಣಿಯೂ ದೂರದಿಂದ ಕಾಣುವುದಿಲ್ಲ. ಹಾಗಾಗಿ ಕಾನೂನಿನ ಕಣ್ಣಿಗೆ ತೋರಲೆಂದು ಮಾತ್ರ ಧರಿಸುವ, ತಲೆಯನ್ನು ಕಾಯದ ಹೆಲ್ಮೆಟ್ಟುಗಳು ನಮ್ಮ ರಸ್ತೆಬದಿಗಳಲ್ಲಿ ರಾಶಿಬಿದ್ದಿವೆ.

ಏನು ಮಾಡಬಹುದು?

ಮೇಲಿನ ವಿಚಾರದಿಂದ ಕೆಲವು ದಾರಿಗಳು ತಾವಾಗಿ ತೋರುತ್ತವೆ. ಕಾರಿಗೆಂದು ಹೊಂದಿಸಿದ ಕ್ಯಾಮರಾಗಳನ್ನು ಬೈಕಿಗೆ ಹೊಂದುವಂತೆ, ಅಕ್ಷರ ದೊಡ್ಡದಾಗಿರುವ ಹಿಂಬದಿಯಿಂದ, ಕಡಮೆ ಅಗಲವನ್ನು ನೋಡುವಂತೆ ಇಡಬಹುದು. ವಾಹನ ಕೈಬದಲಾದೊಡನೆ ದಾಖಲೆಯೂ ಬದಲಾಗುವಂತೆ ಮಾಡಬಹುದು. ತಪಾಸಣೆಯನ್ನು ತಿರುವಿನ ಮರೆಯಲ್ಲಲ್ಲದೆ, ದೂರದಿಂದ ಕಾಣುವಲ್ಲಿ, ವಾಹನಗಳು ಹೇಗೂ ನಿಧಾನವಾಗುವ ಕಡೆ ನಡೆಸಬಹುದು. ಓಡಿದವನನ್ನು ಬೆನ್ನಟ್ಟದೆ ನಂಬರನ್ನು ಬರೆದುಕೊಳ್ಳುವುದು ಸೋಲಲ್ಲ. ನೋಟೀಸು ತಪ್ಪದೆ ತಲುಪುವುದಾದರೆ ಅದೇ ಹೆಚ್ಚು ಖಚಿತವಾದ ಶಿಕ್ಷೆ. ನಕಲಿ ಹೆಲ್ಮೆಟ್ಟನ್ನು ಸಾವಿರಾರು ತಲೆಗಳ ಮೇಲೆ ಹುಡುಕುವುದಕ್ಕಿಂತ, ಅದನ್ನು ಮಾಡುವ ಮತ್ತು ಮಾರುವ ಕಡೆ ಹುಡುಕುವುದು ಸುಲಭ.

ಇಷ್ಟಾದರೂ ಕ್ಯಾಮರಾ ಇಲ್ಲದ ರಸ್ತೆಗಳೇ ಹೆಚ್ಚಾಗಿ ಉಳಿಯುತ್ತವೆ. ಅಲ್ಲಿ ನಿಯಮವನ್ನು ನಡೆಸುವವನು ಸವಾರನೊಬ್ಬನೇ. ಪೋಲೀಸರ ಕಣ್ಣಿಗೆ ಆತ ಚಿಕ್ಕವನಾಗಿ ಕಾಣುವಂತೆಯೇ ಎದುರಿನ ಲಾರಿಯ ಚಾಲಕನ ಕಣ್ಣಿಗೂ ಚಿಕ್ಕವನಾಗಿಯೇ ಕಾಣುತ್ತಾನೆಂಬುದನ್ನು ಮರೆಯಲಾಗದು. ಕಾನೂನಿನಿಂದ ಅವನನ್ನು ತಪ್ಪಿಸುವ ಗುಣಗಳೇ ಅಪಘಾತಕ್ಕೆ ಅವನನ್ನು ಒಪ್ಪಿಸುವ ಗುಣಗಳು. ಮನೆಯಿಂದ ಹೊರಡುವಾಗ ಗಲ್ಲದ ಕೆಳಗಿನ ಪಟ್ಟಿಯನ್ನು ಬಿಗಿಯಲು ಹಿಡಿಯುವ ಕಾಲ ಮೂರು ಸೆಕೆಂಡು. ಅದನ್ನು ಬಿಗಿದಿದ್ದಾನೆಯೇ ಇಲ್ಲವೇ ಎಂಬುದು ಯಾವ ಕ್ಯಾಮರಾಕ್ಕಿಂತಲೂ ಮೊದಲು ಹಿಂದೆ ಕುಳಿತವರಿಗೆ ಕಾಣುತ್ತದೆ. ಅವರು ಒಂದು ಮಾತು ಹೇಳಬಹುದು.